ಗೋಡೆಯಾಚೆಯ ಷಾನ್‌ಜಾ

ಮಾರ್ಚ್ 6

ಬೆಳಿಗ್ಗೆ ನವಣೆ ಗಂಜಿ ಅರ್ಧ ಬಟ್ಟಲು. ಮಧ್ಯಾಹ್ನ ಬಾಯಿ ತೆರೆಯಲಿಲ್ಲ. ಸಂಜೆ ಹಬೆಯಲ್ಲಿ ಬೇಯಿಸಿದ ಮೊಟ್ಟೆ, ನಾಲ್ಕು ಚಮಚ. ಮಾತ್ರೆ ಮೂರು. ಬಟ್ಟೆ ಬದಲಿಸಿದ್ದು ಐದು ಸಲ.

ಹೀಗೆ ದಿನಾ ಬರೆದಿಡಬೇಕೆಂದು ಪಟ್ಟಣದ ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದ್ದಾರೆ. ಮಗಳು ಶಾಲೆಗೆ ಹೋಗುತ್ತಿದ್ದ ಕಾಲದ ಖಾಲಿ ನೋಟುಪುಸ್ತಕ ಸಿಕ್ಕಿತು. ಗೆರೆಗಳು ಬೇಕಾದಷ್ಟು ಉಳಿಯುತ್ತವೆ. ಉಳಿದ ಗೆರೆಗಳಲ್ಲಿ ನಾನೇನು ಬರೆದರೆ ಯಾರು ಕೇಳುತ್ತಾರೆ? ಗಂಡ ಸಿಮೆಂಟ್ ಕಾರ್ಖಾನೆಯ ಕಾವಲಿಗೆ ಹೋದರೆ ಮನೆಗೆ ಬರುವುದು ಭಾನುವಾರ. ಮುದುಕಿಗೆ ಓದು ಬಾರದು.

ಹೊಸವರ್ಷದ ಹಬ್ಬ ಕಳೆದ ನಾಲ್ಕನೇ ದಿನ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಒಂದೇ ಒಂದು ಶಬ್ದ ಉಳಿದುಕೊಂಡಿತು. ಅದು "ಫೆಂಗ್."

ಫೆಂಗ್ ಅಂದರೆ ಫೆಂಗ್‌ಚಿನ್. ಗೋಡೆಯಾಚೆಯವಳು. ಮೈದುನನ ಹೆಂಡತಿ, ನನ್ನ ವಾರಗಿತ್ತಿ.

ಇಪ್ಪತ್ತೇಳು ವರ್ಷದಿಂದ ನಾನು ಈ ಮನೆಯ ಹಿರಿಸೊಸೆ. ಬಾಯಲ್ಲಿದ್ದ ಅಷ್ಟೂ ಮಾತಿನಲ್ಲಿ ಒಂದು ಉಳಿಯಬೇಕೆಂದರೆ ಅದು ಅವಳ ಹೆಸರೇ ಆಗಬೇಕಿತ್ತೆ?

ಮಾರ್ಚ್ 11

ಇವತ್ತು ಗೋಡೆಯಾಚೆಯವಳು ಬಂದಿದ್ದಳು. ತಲೆ ಬಾಚಿ, ಹೂವಿನ ಕೋಟು ತೊಟ್ಟು, ಕೈಯಲ್ಲಿ ಪಿಂಗಾಣಿ ತಟ್ಟೆ. ತಟ್ಟೆಯಲ್ಲಿ ಷಾನ್‌ಜಾ ಹಣ್ಣಿನ ಹಲ್ವ, ಬೋರೆಯಷ್ಟು ದಪ್ಪದ ಹುಳಿ ಹಣ್ಣು ಅದು. ಕಳೆದ ಶರತ್ಕಾಲದ ಹಣ್ಣನ್ನು ನೆಲಮಾಳಿಗೆಯ ಮಣ್ಣಿನ ಹಂಡೆಯಲ್ಲಿ ಕೂಡಿಟ್ಟಿದ್ದಾಳೆ. ಬೀಜ ತೆಗೆದು, ಸಕ್ಕರೆ ಹಾಕಿ ಕಾಯಿಸಿ, ಕೆಂಪಗೆ ಕನ್ನಡಿಯ ಹಾಗೆ ಹೊಳೆಯುವಂತೆ ಮಾಡಿ ತಂದಿದ್ದಳು.

"ಅತ್ತೆ, ನೋಡಿ ಏನು ತಂದಿದೀನಿ. ಆ ಅನ್ನಿ, ಆ..."

ನನ್ನ ಗಂಜಿಗೆ ಬಾಗಿಲು ಹಾಕಿಕೊಳ್ಳುವ ಬಾಯಿ ಅವಳ ಹಲ್ವಕ್ಕೆ ಮರಿಹಕ್ಕಿಯ ಬಾಯಿಯ ಹಾಗೆ ತೆರೆಯಿತು. ಮೂರು ತುಂಡು ತಿಂದಳು ಮುದುಕಿ. ಎಡಗೈ ಎತ್ತಿ ಅವಳ ಕೆನ್ನೆ ಸವರಿ, "ಫೆಂಗ್, ಫೆಂಗ್" ಎಂದಳು.

ಕಾಲು ಗಂಟೆ ಕೂತು ಅವಳು ಎದ್ದಳು. "ಅಕ್ಕ, ನೀನು ತುಂಬಾ ಸೊರಗಿದೀಯ. ಮೈ ನೋಡ್ಕೋ," ಎಂದಳು.

ಅವಳು ಹೋದ ಮೇಲೆ ಬಟ್ಟೆ ಬದಲಿಸಿದೆ. ಹಲ್ವ ತಿನ್ನಿಸುವವಳು ಒಬ್ಬಳು, ಅದನ್ನು ತೊಳೆಯುವವಳು ಇನ್ನೊಬ್ಬಳು.

ಮಾರ್ಚ್ 19

ಗಾಳಿ ನಿಂತಿದೆ. ನನ್ನ ಷಾನ್‌ಜಾ ಗಿಡದ ಬುಡ ಅಗೆದು ಪಾತಿ ಮಾಡಿದೆ, ಕೋಳಿಗೊಬ್ಬರ ಹಾಕಿದೆ, ಕೈಪಂಪಿನಿಂದ ಆರು ಬಕೆಟ್ ನೀರು ಹೊತ್ತೆ. ಮುಳ್ಳು ಮೊಣಕೈ ಗೀರಿತು.

ಹದಿನೇಳು ವರ್ಷದ ಹಿಂದೆ ಫೆಂಗ್‌ಚಿನ್ ಮದುವೆಯಾಗಿ ಬಂದಾಗ ಅಂಗಳದ ನಡುವೆ ಗೋಡೆ ಎದ್ದಿತು. ನನ್ನ ಪಾಲಿಗೆ ಕೈಪಂಪು ಮತ್ತು ಹಂದಿದೊಡ್ಡಿ ಬಂದವು. ಅವಳ ಪಾಲಿಗೆ ಅತ್ತೆ ತನ್ನ ಕೈಯಾರೆ ಕಸಿ ಕಟ್ಟಿ ಬೆಳೆಸಿದ ಷಾನ್‌ಜಾ ಮರ ಬಂತು. ಅಳತೆ ಹಿಡಿದವಳು ಅತ್ತೆಯೇ. ಗೋಡೆ ಎರಡು ಮೊಳ ಆಚೆ ಸರಿದಿದ್ದರೆ ಮರ ನನ್ನದಾಗುತ್ತಿತ್ತು. ಶರತ್ಕಾಲ ಬಂದಾಗಲೆಲ್ಲ ಗೋಡೆಯ ಮೇಲೆ ಕೆಂಪು ಗೊಂಚಲು ಇಣುಕುವುದನ್ನು ನೋಡುತ್ತ ಹಂದಿಗೆ ಕಲಗಚ್ಚು ಹಾಕಿದ್ದೇನೆ.

ಆರು ವರ್ಷದ ಹಿಂದೆ ಹಿತ್ತಿಲ ಗುಡ್ಡದಿಂದ ಮೊಣಕಾಲೆತ್ತರದ ಕಾಡು ಷಾನ್‌ಜಾ ಸಸಿಯನ್ನು ನಾನೇ ಅಗೆದು ತಂದು ನೆಟ್ಟೆ. ಈಗ ಸೂರು ಮುಟ್ಟಿದೆ. ಒಂದು ಹೂವೂ ಬಿಟ್ಟಿಲ್ಲ.

ನೀರು ಹಾಕುವಾಗ ಗೋಡೆಯ ಮೇಲಿಂದ ಅವಳ ತಲೆ ಕಂಡಿತು.

"ಅಕ್ಕ, ಅದು ಗುಡ್ಡದ ಗಿಡ. ಹಾಗೇ ಬಿಟ್ರೆ ಕಡಲೆಯಷ್ಟು ಕಾಯಿ ಬಿಡುತ್ತೆ, ಬರೀ ಬೀಜ. ನನ್ನ ಮರದ ಕಡ್ಡಿ ಕೊಡ್ತೀನಿ, ಕಸಿ ಮಾಡೋಣ."

"ನನ್ನ ಗಿಡ ತನ್ನ ಕಾಯಿ ತಾನು ಬಿಡುತ್ತೆ," ಅಂದೆ.

ಅವಳದು ಹಣ್ಣಿನ ತೋಟದವರ ಮನೆ. ನಾನು ಬಯಲುಸೀಮೆಯ ಗೋಧಿ ಬೆಳೆಯುವ ಊರಿನವಳು. ಅದನ್ನು ನೆನಪಿಸದೆ ಅವಳಿಗೆ ತಿಂದದ್ದು ಅರಗುವುದಿಲ್ಲ.

ಎಪ್ರಿಲ್ 5

ಹಿರಿಯರ ಸಮಾಧಿ ಗುಡಿಸುವ ದಿನ. ನಾನು ಹೋಗಲಿಲ್ಲ, ಮುದುಕಿಯನ್ನು ಬಿಟ್ಟು ಹೋಗುವುದು ಹೇಗೆ? ಫೆಂಗ್‌ಚಿನ್ ಹೋದಳು. ಗುಡ್ಡದ ಮೇಲೆ ಊರಿನವರೆಲ್ಲ ಅವಳನ್ನು ಹೊಗಳಿದರಂತೆ, ಗಂಡ ಬಂದು ಹೇಳಿದರು.

"ಫೆಂಗ್‌ಚಿನ್ ಅತ್ತೇನ ಏನು ಚೆನ್ನಾಗಿ ನೋಡ್ಕೋತಾಳೆ ಅಂತ ಎಲ್ರೂ ಅಂತಿದ್ರು."

"ನೀವೇನಂದ್ರಿ?"

"ನಾನೇನು ಅನ್ಲಿ? ಹೌದು ಅಂದೆ."

ರಾತ್ರಿ ಊಟಕ್ಕೆ ಬೆಳ್ಳುಳ್ಳಿ ಸೊಪ್ಪಿನ ಕಡುಬು ಮಾಡಬೇಕೆಂದಿದ್ದೆ. ಮಾಡಲಿಲ್ಲ. ತಂಗಳು ರೊಟ್ಟಿ ಬಿಸಿ ಮಾಡಿ ಕೊಟ್ಟೆ.

ಮೇ 14

ಗಿಡ ಹೂ ಬಿಟ್ಟಿದೆ! ಮೂರು ಗೊಂಚಲು. ಬೆಳಿಗ್ಗೆ ಬಟ್ಟೆ ಹರವಲು ಹೋದಾಗ ಕಂಡಿತು. ಬಿಳಿ ಹೂ, ಹತ್ತಿರ ಹೋದರೆ ಮೀನಿನ ವಾಸನೆ. ನನಗೆ ಅದೂ ಹಿತವಾಯಿತು.

ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಅಂಗಳಕ್ಕೆ ತಂದು ತೋರಿಸಿದೆ. ಹುಲ್ಲಿನ ಕಂತೆಯಷ್ಟೂ ಭಾರವಿಲ್ಲ ಈಗ.

"ನೋಡಿ ಅತ್ತೆ, ಇದು ನನ್ನ ಗಿಡ."

ಅವಳು ನನ್ನ ಗಿಡ ನೋಡಲಿಲ್ಲ. ಕತ್ತೆತ್ತಿ ಗೋಡೆಯ ಕಡೆ ನೋಡಿದಳು. ಆಚೆ ಆ ಮರ ಹಿಮ ಬಿದ್ದ ಹಾಗೆ ಬಿಳಿಯಾಗಿ ನಿಂತಿತ್ತು. "ಫೆಂಗ್," ಎಂದಳು.

ಒಳಗೆ ತಂದು ಮಲಗಿಸಿದೆ. ಮೆಲ್ಲಗೆ ಮಲಗಿಸಲಿಲ್ಲ.

ಮೇ 17

ಬರೆದುಬಿಡುತ್ತೇನೆ.

ಫೆಂಗ್‌ಚಿನ್ ಮನೆಯವರು ತವರಿನ ಮದುವೆಗೆ ಹೋಗಿದ್ದಾರೆ, ಎರಡು ದಿನ. ಕೋಳಿಗೆ ಕಾಳು ಹಾಕಲು ಬೀಗದ ಕೈ ನನಗೆ ಕೊಟ್ಟಿದ್ದಳು. ಬೆಳಿಗ್ಗೆ ಮುದುಕಿಯ ಮೈ ಒರೆಸುತ್ತಿದ್ದೆ. ಬೆನ್ನಿನ ಹುಣ್ಣು ಮಾಯುತ್ತಿದೆ, ಎಷ್ಟು ದಿನದಿಂದ ಅದರ ಹಿಂದೆ ಬಿದ್ದಿದ್ದೇನೆ. ಖುಷಿಯಿಂದ, "ನಾನ್ಯಾರು ಹೇಳಿ ಅತ್ತೆ? ರುಯಿಲಿಯನ್. ರುಯಿ. ಅನ್ನಿ ನೋಡೋಣ," ಅಂದೆ. ಅವಳು ನನ್ನ ಮುಖವನ್ನೇ ನೋಡಿ, ಬಾಯಿ ಸೊಟ್ಟ ಮಾಡಿ, "ಫೆಂಗ್" ಅಂದಳು.

ಕಾಳಿನ ಬಟ್ಟಲಿನ ಜೊತೆ ಸೊಪ್ಪು ಕೊಯ್ಯುವ ಚೂರಿಯನ್ನೂ ತೆಗೆದುಕೊಂಡು ಆಚೆ ಮನೆಗೆ ಹೋದೆ.

ನಮ್ಮಪ್ಪ ಗೋಧಿಗೆ ನೆರಳು ಬೀಳಿಸುವ ಮರಗಳನ್ನು ಕಡಿಯುತ್ತಿರಲಿಲ್ಲ. ಕಾಂಡದ ಸುತ್ತ ನಾಲ್ಕು ಬೆರಳು ಅಗಲ ತೊಗಟೆ ಕಿತ್ತು ಬಿಡುತ್ತಿದ್ದ. ಮರ ತನ್ನಷ್ಟಕ್ಕೆ ಒಣಗುತ್ತಿತ್ತು.

ಮೊಣಕಾಲೆತ್ತರದಲ್ಲಿ ಸುತ್ತಲೂ ಒಂದು ಗೀರು ಹಾಕಿದೆ. ಅದರ ಕೆಳಗೆ ಗೋಧಿ ಹುಲ್ಲಿನ ಕಡ್ಡಿಯಷ್ಟು ಬಿಟ್ಟು ಇನ್ನೊಂದು. ಮೊದಲು ಅಷ್ಟನ್ನು ಎಬ್ಬಿಸಿ, ಆಮೇಲೆ ಅಗಲ ಮಾಡೋಣ ಅಂದುಕೊಂಡೆ. ತೊಗಟೆ ಹಸಿಯಾಗಿತ್ತು, ರಿಬ್ಬನ್ನಿನ ಹಾಗೆ ಎದ್ದು ಬಂತು. ಒಳಗೆ ಬಿಳಿ, ಒದ್ದೆ. ಹೂವಿನೆಸಳು ತಲೆಯ ಮೇಲೆ ಉದುರುತ್ತಿತ್ತು. ಸುತ್ತು ಮುಗಿಸಿ ಮೂರನೇ ಗೀರಿಗೆ ಚೂರಿ ಇಟ್ಟೆ. ಆಗಲೇ ಈಚೆಯಿಂದ ದೊಪ್ಪೆಂದು ಸದ್ದು, "ಫೆಂಗ್! ಫೆಂಗ್!" ಎಂಬ ಕೂಗು.

ಓಡಿ ಬಂದೆ. ಮುದುಕಿ ಒಲೆಯ ಬಿಸಿ ಹಾಯುವ ಇಟ್ಟಿಗೆ ಮಂಚದಿಂದ ಅರ್ಧ ಜಾರಿ ನೇತಾಡುತ್ತಿದ್ದಳು. ಎತ್ತಿ ಮಲಗಿಸಿದೆ. ಎಡಗೈಯಿಂದ ನನ್ನ ತೋಳು ಹಿಡಿದವಳು ಅರ್ಧ ಗಂಟೆ ಬಿಡಲಿಲ್ಲ. ಮತ್ತೆ ಆಚೆಗೆ ಹೋಗಲಾಗಲಿಲ್ಲ.

ಗಂಜಿ ಮುಕ್ಕಾಲು ಬಟ್ಟಲು. ಹಣೆಗೆ ಸಣ್ಣ ಗಾಯ, ಔಷಧ ಹಚ್ಚಿದೆ.

ಮೇ 18

ಕೋಳಿಗೆ ಕಾಳನ್ನು ಗೋಡೆಯ ಮೇಲಿಂದ ಎಸೆದೆ.

ಮೇ 21

ಅವಳು ಬಂದಿದ್ದಾಳೆ. ಮಧ್ಯಾಹ್ನ ಪಂಪಿನ ಕಲ್ಲು ಹತ್ತಿ ಇಣುಕಿದೆ. ಕಾಂಡಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಸೆಣಬಿನ ದಾರದಿಂದ ಬಿಗಿದಿದ್ದಾಳೆ.

ಬೀಗದ ಕೈ ಯಾರ ಹತ್ತಿರ ಇತ್ತೆಂದು ಅವಳಿಗೆ ಗೊತ್ತು. ಕೇಳಲು ಬರಲಿ, ಉತ್ತರ ಸಿದ್ಧವಾಗಿದೆ. ಆಡು ನುಗ್ಗಿತ್ತು ಅನ್ನುತ್ತೇನೆ.

ಜೂನ್ 9

ಕೇಳಲು ಬರಲಿಲ್ಲ. ಬರುವುದನ್ನೇ ಬಿಟ್ಟಿದ್ದಾಳೆ. ದಾರಿಯಲ್ಲಿ ಸಿಕ್ಕರೆ, "ಊಟ ಆಯ್ತಾ ಅಕ್ಕ?" ಅಷ್ಟೇ.

ಮರ ಒಣಗಿಲ್ಲ. ಒಣಗುವುದಿರಲಿ, ಹೂವಿದ್ದಲ್ಲೆಲ್ಲ ಹಸಿರು ಪೀಚು ಕಚ್ಚಿದೆ. ಒಂದೊಂದು ಗೊಂಚಲಿನಲ್ಲಿ ಇಪ್ಪತ್ತು, ಇಪ್ಪತ್ತೈದು. ನನ್ನ ಮೂರು ಗೊಂಚಲಿನಲ್ಲಿ ಉದುರಿ ಉದುರಿ ಒಂಬತ್ತು ಉಳಿದಿವೆ. ಕೊಲ್ಲಲು ಹೋದರೂ ಅವಳ ಮರಕ್ಕೆ ಶುಭವೇ ಆಗುತ್ತದೆ. ದೇವರೂ ಗೋಡೆಯ ಆಚೆಗೇ ಇದ್ದಾನೆ.

ಅತ್ತೆ ಮಧ್ಯಾಹ್ನ ಕಿಟಕಿಯಲ್ಲಿ ಕೋಳಿ ನೋಡಿ "ಫೆಂಗ್" ಅಂದಳು. ನೀರು ಬೇಕಾದಾಗಲೂ ಅದೇ. ಕೋಳಿಗೂ ನೀರಿಗೂ ಅವಳದೇ ಹೆಸರು.

ಜುಲೈ 2

ಸೆಖೆ. ಹಲ್ವ ಇಲ್ಲ. ಅವಳ ಹಣ್ಣು ಮುಗಿದಿರಬೇಕು, ಅಥವಾ ಕೊಡಲು ಮನಸ್ಸಿಲ್ಲ. ಅತ್ತೆ ಬಾಗಿಲ ಕಡೆ ನೋಡುತ್ತ ಕೂರುತ್ತಾರೆ. ನಾನು ಒಣಗಿದ ಷಾನ್‌ಜಾ ಹೋಳನ್ನು ಅಂಗಡಿಯಿಂದ ತಂದು ಕುದಿಸಿ ಸಕ್ಕರೆ ಹಾಕಿದೆ. ಕುಡಿದರು. ಅವಳ ಹಲ್ವಕ್ಕೆ ತೆರೆದಷ್ಟು ಬಾಯಿ ತೆರೆಯಲಿಲ್ಲ.

ಅವಳು ಬರುತ್ತಿದ್ದಾಗ ಹೊಟ್ಟೆ ಉರಿಯುತ್ತಿತ್ತು. ಈಗ ಬರದಿದ್ದರೂ ಉರಿಯುತ್ತದೆ. ಅತ್ತೆಯನ್ನು ಹೀಗೆ ಕಾಯಿಸುವುದಕ್ಕೆ ಅವಳಿಗೆ ಯಾರು ಅಧಿಕಾರ ಕೊಟ್ಟರು?

ಜುಲೈ 23

ಎಡಗೈಯಲ್ಲಿ ಚಮಚ ಹಿಡಿದರು. ಎಂಟು ಸಲದಲ್ಲಿ ಮೂರು ಸಲ ಬಾಯಿಗೆ ಹೋಯಿತು.

ಆಗಸ್ಟ್ 12

ಬೆಳಿಗ್ಗೆ ಫೆಂಗ್‌ಚಿನ್ ಹೇಳದೆ ಕೇಳದೆ ಅಂಗಳಕ್ಕೆ ಬಂದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಕಡ್ಡಿ, ಪ್ಲಾಸ್ಟಿಕ್ ಪಟ್ಟಿ, ಸಣ್ಣ ಚೂರಿ. ನಾನು ಅತ್ತೆಯ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದೆ.

"ನಿನ್ನ ಗಿಡಕ್ಕೆ ಕಸಿಯ ಕಣ್ಣು ಕೂರಿಸೋಕೆ ಇದೇ ಸರಿಯಾದ ಹೊತ್ತು. ಬಾ, ಕೊಂಬೆ ಹಿಡ್ಕೋ."

"ನಾನು ಕೇಳಿಲ್ಲ."

"ನೀನು ಕೇಳ್ದೇ ನನ್ನ ಮರಕ್ಕೆ ಮಾಡಿಲ್ವಾ? ನಾನೂ ಕೇಳ್ದೇ ಮಾಡ್ತೀನಿ."

ಸಿದ್ಧವಾಗಿಟ್ಟಿದ್ದ ಆಡಿನ ಕಥೆ ಬಾಯಿಗೆ ಬರಲಿಲ್ಲ. ಕೊಂಬೆ ಹಿಡಿದೆ. ಅವಳು ಮುಳ್ಳು ಸವರಿ, ತೊಗಟೆಯಲ್ಲಿ ಸಣ್ಣ ಸೀಳು ಹಾಕಿ, ತನ್ನ ಕಡ್ಡಿಯಿಂದ ಚಿಗುರೊಡೆಯುವ ಒಂದು ಕಣ್ಣನ್ನು ಎಬ್ಬಿಸಿ ಸೀಳಿನೊಳಗೆ ಜಾರಿಸಿದಳು. ಎಷ್ಟು ಸಲೀಸು ಅವಳ ಬೆರಳು. ಆಗಲೂ ಹೊಟ್ಟೆ ಉರಿಯಿತು.

ತಲೆ ಎತ್ತದೆ ಕೇಳಿದಳು: "ನನ್ನ ಮರದ ಗಾಯ ಗೋಧಿ ಹುಲ್ಲಿನ ಕಡ್ಡಿಯಷ್ಟು ಅಗಲ, ಸುತ್ತ ಒಂದೇ ಸಮ. ಮರ ಹೂ ಬಿಟ್ಟಾಗ ನಮ್ಮಪ್ಪ ಹಾಗೇ ತೊಗಟೆಯ ಉಂಗುರ ತೆಗೀತಿದ್ದ, ಕಾಯಿ ಜಾಸ್ತಿ ನಿಲ್ಲುತ್ತೆ ಅಂತ. ನಾಲ್ಕು ಬೆರಳು ತೆಗೆದಿದ್ರೆ ಮರ ಸತ್ತು ಹೋಗ್ತಿತ್ತು. ನೀನು ಯಾವುದಕ್ಕೆ ಬಂದಿದ್ದೆ ಅಕ್ಕ? ಕಾಯಿ ಬಿಡಿಸೋಕಾ, ಕೊಲ್ಲೋಕಾ?"

"ಕೊಲ್ಲೋಕೆ," ಅಂದೆ.

ಅವಳ ಕೈ ನಿಂತಿತು. ಮುಖ ಬೆಳ್ಳಗಾಯಿತು. ಕೇಳುವಾಗ ಬೇರೆ ಉತ್ತರ ಬಯಸಿದ್ದಳೋ ಏನೋ.

"ಅದು ಅತ್ತೆ ನೆಟ್ಟ ಮರ. ಯಾಕೆ?"

"ಅತ್ತೆ ಬಾಯಲ್ಲಿ ಯಾವಾಗ ನೋಡಿದ್ರೂ ನೀನೇ. ಹೇಲುಚ್ಚೆ ಬಾಚೋಳು ನಾನು. ಕರೆಯೋದು ನಿನ್ನ."

ಫೆಂಗ್‌ಚಿನ್ ಚೂರಿ ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ನಗಲೂ ಇಲ್ಲ, ಬೈಯಲೂ ಇಲ್ಲ.

"ನನ್ನ ಕರೀತಾರಾ? ನೀನು ನೀರಿಗೆ ಅಂತ ಹೊರಗೆ ಹೋಗ್ತೀಯಲ್ಲ, ನಾನು ಎದುರಿಗೇ ಕೂತಿರ್ತೀನಿ. ಬಾಗಿಲ ಕಡೆ ಬೆರಳು ತೋರಿಸಿ 'ಫೆಂಗ್, ಫೆಂಗ್' ಅಂತ ಅಳೋ ಹಾಗೆ ಆಡ್ತಾರೆ. ಇಲ್ಲೇ ಇದೀನಲ್ಲ ಅತ್ತೆ ಅಂದ್ರೆ ತಲೆ ಅಲ್ಲಾಡಿಸ್ತಾರೆ. ನೀನು ಒಳಗೆ ಬಂದ ಮೇಲೇ ಸುಮ್ಮನಾಗೋದು. ಆ ಬಾಯಲ್ಲಿ ಉಳಿದಿರೋದು ಒಂದೇ ಶಬ್ದ. ಎಲ್ಲದಕ್ಕೂ ಅದೇ. ನಿನಗೂ ಅದೇ. ಇಷ್ಟು ದಿನ ಜೊತೇಲಿದ್ದು ಗೊತ್ತಾಗ್ಲಿಲ್ವಾ?"

ನಾನು ಕೊಂಬೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

"ಮದುವೆಯಿಂದ ಬಂದ ಮಾರನೇ ದಿನ ಬೀದಿಗೆಲ್ಲ ಕೇಳೋ ಹಾಗೆ ನಿನಗೆ ಬೈಯಬೇಕು ಅಂತ ಬಂದೆ ಅಕ್ಕ. ಕಿಟಕೀಲಿ ನೋಡಿದ್ರೆ ಅತ್ತೆ ತಲೆ ನಿನ್ನ ತೊಡೆ ಮೇಲೆ. ನೀನು ಉಗುರು ತೆಗೀತಿದ್ದೆ. ಹದಿನೇಳು ವರ್ಷ ಆಯ್ತು ನಾನು ಬಂದು. ನನ್ನ ಮುಂದೆ ಅವರು ಕಾಲುಚೀಲ ತೆಗೆದು ಕೂತಿದ್ದು ಕಂಡಿಲ್ಲ. ಹಲ್ವ ತಂದ್ರೆ ಕೆನ್ನೆ ಸವರಿ ಕಳಿಸ್ತಾರೆ, ನೆಂಟರನ್ನ ಕಳಿಸೋ ಹಾಗೆ. ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಅಂದ್ಕೊಂಡ್ಯಾ?"

ಮೂಗು ಒರೆಸಿಕೊಂಡು ಮತ್ತೆ ಚೂರಿ ಎತ್ತಿಕೊಂಡಳು. ಹನ್ನೊಂದು ಕಣ್ಣು ಕೂರಿಸಿದಳು. ಕೊನೆಯದನ್ನು ನನ್ನ ಕೈಯಲ್ಲಿ ಮಾಡಿಸಿದಳು. "ಚೂರಿ ಹಿಡಿಯೋದಾದ್ರೆ ನೆಟ್ಟಗೆ ಕಲ್ತ್ಕೋ," ಎಂದಳು.

ಅವಳು ಹೇಳಿದ್ದು ನಿಜವೋ, ನನ್ನನ್ನು ನಾಚಿಸಲು ಕಟ್ಟಿದ್ದೋ ಗೊತ್ತಿಲ್ಲ. ಪರೀಕ್ಷೆ ಮಾಡಬೇಕು.

ಆಗಸ್ಟ್ 13

ಪರೀಕ್ಷೆ ಮಾಡಿದೆ. ಫೆಂಗ್‌ಚಿನ್‌ಳನ್ನು ಒಳಗೆ ಕೂರಿಸಿ ನಾನು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ.

ನಿಜ.

ಇವತ್ತು ಏನು ತಿಂದರೆಂದು ಬರೆಯುವುದು ಮರೆತೆ.

ಆಗಸ್ಟ್ 27

ಕೂರಿಸಿದ ಕಣ್ಣುಗಳ ಎಲೆತೊಟ್ಟನ್ನು ಬೆರಳಿಂದ ಮುಟ್ಟಿದರೆ ತಾನೇ ಉದುರಬೇಕು, ಆಗ ಹಿಡಿದಿದೆ ಎಂದರ್ಥ, ಅಂತ ಹೇಳಿಕೊಟ್ಟಿದ್ದಳು. ಹನ್ನೊಂದರಲ್ಲಿ ಒಂಬತ್ತರ ತೊಟ್ಟು ಉದುರಿತು. ನಾನು ಕೂರಿಸಿದ್ದು ಕರಕಲಾಗಿ ಅಂಟಿಕೊಂಡಿದೆ. ಅವಳ ಕೈಗುಣ ನನಗೆ ಬರುವುದಿಲ್ಲ ಬಿಡು.

ಅಕ್ಟೋಬರ್ 8

ಎರಡೂ ಅಂಗಳದಲ್ಲಿ ಹಣ್ಣು ಕೊಯ್ದೆವು. ಅವಳ ಮರದ ಕೊಂಬೆಗಳು ಭಾರಕ್ಕೆ ನೆಲ ಮುಟ್ಟಿ, ಕವೆಗೋಲು ಕೊಟ್ಟು ನಿಲ್ಲಿಸಿದ್ದೆವು. ಅಮ್ಮನನ್ನು, ಅತ್ತೆಯನ್ನು ಈಗ ಹಾಗೇ ಕರೆಯುತ್ತೇನೆ, ಬಿದಿರು ಕುರ್ಚಿಯಲ್ಲಿ ಅಲ್ಲೇ ಕೂರಿಸಿದ್ದೆ. ಮಡಿಲ ತುಂಬ ಹಣ್ಣು ಹಾಕಿಕೊಂಡು ಎಡಗೈಯಲ್ಲಿ ಎಣಿಸುತ್ತಿದ್ದರು.

ಓಣಿಯ ಹೆಂಗಸರೆಲ್ಲ ನೋಡಲು ಬಂದರು. "ಫೆಂಗ್‌ಚಿನ್, ಏನು ಮಾಡ್ದೆ ಈ ಸಲ ಮರಕ್ಕೆ?" ಎಂದು ಒಬ್ಬಳು ಕೇಳಿದಳು.

ನಾನು ಬುಟ್ಟಿಯ ಕಡೆ ಬಗ್ಗಿದೆ.

"ನಮ್ಮಕ್ಕ ಉಂಗುರ ತೆಗೆದಳು," ಅಂದಳು ಅವಳು. "ಬಯಲುಸೀಮೆಯವಳು ಅಂತ ನೀವೆಲ್ಲ ನಗ್ತಿದ್ರಲ್ಲ."

ಎಲ್ಲರೂ ನನ್ನನ್ನು ಹೊಗಳಿದರು. ಇಪ್ಪತ್ತೇಳು ವರ್ಷದಲ್ಲಿ ಈ ಓಣಿ ನನ್ನನ್ನು ಮೊದಲ ಸಲ ಹೊಗಳಿತು, ಅದೂ ಆ ಕೆಲಸಕ್ಕೆ. ಹಣ್ಣಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿಬಿಟ್ಟೆ. ಅವಳು ನನಗೆ ಉಪಕಾರ ಮಾಡಿದಳೋ, ಮುಳ್ಳು ಚುಚ್ಚಿದಳೋ? ಎರಡೂ ಇರಬೇಕು.

ನನ್ನ ಗಿಡದ ಒಂಬತ್ತು ಹಣ್ಣನ್ನು ಸಂಜೆ ಅಮ್ಮನಿಗೆ ಕೊಟ್ಟೆ. ಒಂದನ್ನು ಕಚ್ಚಿದರು. ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಥೂ ಎಂದು ನನ್ನ ಅಂಗೈಗೆ ಉಗಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನವೆಂಬರ್ 4

ನೀರಿನ ಬಕೆಟ್ ಎತ್ತುವಾಗ ನನ್ನ ಸೊಂಟ ಹಿಡಿಯಿತು. ಮೂರು ದಿನ ಮಲಗಿದಲ್ಲೇ. ಫೆಂಗ್‌ಚಿನ್ ಬಂದು ಇಬ್ಬರನ್ನೂ ನೋಡಿಕೊಂಡಳು. ಭಾನುವಾರ ಅಣ್ಣ ತಮ್ಮ ಕೂತು ಮಾತಾಡಿಕೊಂಡರಂತೆ. ಚಳಿಗಾಲಕ್ಕೆ ಅಮ್ಮ ಆಚೆ ಮನೆಗೆ.

"ನಿನಗೂ ಸ್ವಲ್ಪ ಉಸಿರು ಬಿಟ್ಟ ಹಾಗಾಗುತ್ತೆ," ಎಂದರು ಗಂಡ.

ಒಳ್ಳೆಯದೇ ಆಯಿತು ಅಂದೆ. ಒಳ್ಳೆಯದೇ.

ನವೆಂಬರ್ 7

ಅಮ್ಮನನ್ನು ಕರೆದುಕೊಂಡು ಹೋದರು. ಮನೆ ಗುಡಿಸಿದೆ. ಇಟ್ಟಿಗೆ ಮಂಚ ಒರೆಸಿದೆ. ಹಾಯಾಗಿದೆ. ಬೆಳಗಾಗುವ ತನಕ ಮಲಗಬಹುದು.

ನವೆಂಬರ್ 8

ನಾಲ್ಕು ಸಲ ಎಚ್ಚರವಾಯಿತು. ಅಭ್ಯಾಸಬಲ.

ನವೆಂಬರ್ 10

ಬಾಚಣಿಗೆ ಇಲ್ಲೇ ಉಳಿದಿತ್ತು, ಕೊಟ್ಟು ಬಂದೆ. ಅಮ್ಮ ಅಲ್ಲಿ ಚೆನ್ನಾಗಿಯೇ ಇದ್ದಾರೆ. ಗಂಜಿ ಪೂರ್ತಿ ಬಟ್ಟಲು ತಿಂದರಂತೆ. ನನ್ನ ಹತ್ತಿರ ಯಾವತ್ತೂ ಮುಕ್ಕಾಲು ದಾಟಿಲ್ಲ. ಗಂಜಿಗೆ ಏನು ಹಾಕುತ್ತಾಳೋ.

ಫೆಂಗ್‌ಚಿನ್ ಅವರ ಕಾಲುಚೀಲ ತೆಗೆದು ಬಿಸಿನೀರಿನಲ್ಲಿ ಪಾದ ತೊಳೆಯುತ್ತಿದ್ದಳು. ಮುಖ ನೋಡಬೇಕಿತ್ತು ಅವಳದು, ಬಹುಮಾನ ಬಂದವರ ಹಾಗೆ. ಎಡಪಾದದ ಕಿರುಬೆರಳ ಸಂದಿ ಒರೆಸಲಿಲ್ಲ. ನಾನು ಏನೂ ಹೇಳಲಿಲ್ಲ. ಆಮೇಲೆ ಹೇಳಿದೆ.

ನವೆಂಬರ್ 13

ಮರೆತ ಹಾಸು ಕೊಡಲು ಹೋಗಿದ್ದೆ. ನಿನ್ನೆ ನವಣೆ ಕೊಡಲು ಹೋಗಿದ್ದೆ.

"ಅಕ್ಕ, ನಿನ್ನ ಮನೇಲಿ ಏನಾದ್ರೂ ಮಿಕ್ಕಿದ್ಯಾ, ಇಲ್ಲಾ ಎಲ್ಲ ಸಾಗಿಸಿ ಆಯ್ತಾ?" ಎಂದಳು.

ಕುಹಕಕ್ಕೇನೂ ಕೊರತೆಯಿಲ್ಲ ಅವಳಿಗೆ.

ನವೆಂಬರ್ 16

ಮೊದಲ ಹಿಮ. ಬೆಳಿಗ್ಗೆ ಹೋದಾಗ ಅಮ್ಮ ರಾತ್ರಿ ಮಲಗಿಸಿದ ಎಡಮಗ್ಗುಲಲ್ಲೇ ಇದ್ದರು. ರಾತ್ರಿ ಎರಡು ಸಲ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನಿನ ಹುಣ್ಣು ಮತ್ತೆ ಏಳುತ್ತದೆ. "ಎಚ್ಚರ ಆಗ್ಲಿಲ್ಲ ಅಕ್ಕ, ಹಗಲೆಲ್ಲ ಎತ್ತಿ ಇಳಿಸಿ ಸಾಕಾಗಿತ್ತು," ಎಂದಳು ಫೆಂಗ್‌ಚಿನ್. ಕಣ್ಣ ಕೆಳಗೆ ಕಪ್ಪು. ಸೊರಗಿದ್ದಾಳೆ. ಅವಳಿಗೆ ಒಬ್ಬಳಿಗೇ ಆಗುವ ಕೆಲಸವಲ್ಲ ಅದು, ಹೇಳಿದರೆ ಒಪ್ಪುವ ಜಾತಿಯೂ ಅಲ್ಲ.

ಓಣಿಯಲ್ಲಿ ಆಗಲೇ ಮಾತು ಶುರುವಾಗಿದೆಯಂತೆ, ಕಿರಿಸೊಸೆ ಅತ್ತೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ, ಹಿರಿಸೊಸೆ ಕೈ ತೊಳೆದುಕೊಂಡಳು ಅಂತ.

ಹಾಸಿಗೆ ಸುತ್ತಿಟ್ಟಿದ್ದೇನೆ. ಅವಳ ಇಟ್ಟಿಗೆ ಮಂಚ ಅಗಲವಾಗಿದೆ, ಮೂರು ಜನ ಮಲಗಬಹುದು. ಗಂಡನಿಗೆ ಫೋನು ಮಾಡಿದೆ. "ಸೊಂಟ ಇನ್ನೂ ಸರಿ ಹೋಗಿಲ್ಲ, ಯಾಕೆ ಹೋಗ್ತೀಯ?" ಅಂದರು.

"ಸೇವೆ ಮಾಡಿದ ಹೆಸರನ್ನೆಲ್ಲ ಅವಳೊಬ್ಬಳೇ ಹೊಡ್ಕೊಳ್ಳೋಕೆ ನಾನು ಬಿಡಲ್ಲ," ಅಂದೆ.

ಅದೇ ಕಾರಣ. ಬೇರೇನೂ ಇಲ್ಲ. ದೀಪ ಹಚ್ಚುವ ಮೊದಲೇ ಹೋಗಬೇಕು, ಅಮ್ಮ ಊಟಕ್ಕೆ ಕೂರುವ ಹೊತ್ತು.